ಸುನಾಮಿ ಪದದ ಮೂಲ ಅರ್ಥ ಏನು? ‘ಮತಗಳ ಸುನಾಮಿ’ ಅಂತ ಯಾಕೆ ಹೇಳುತ್ತಾರೆ?

ಇದು ಜಪಾನಿ ಪದ. ‘ತ್ಸು’ ಅಂದರೆ ಬಂದರು, ‘ನಾಮಿ’ ಅಂದರೆ ಅಲೆ. ಒಟ್ಟಿಗೆ ‘ಬಂದರಿನ ಅಲೆ’. ನಮ್ಮ ಬಾಯಲ್ಲಿ ಮೊದಲಿನ ‘ತ್’ ಬಿದ್ದುಹೋಗಿದೆ.

ಇಷ್ಟು ಭೀಕರ ಅಲೆಗೆ ಇಷ್ಟು ಸಾದಾ ಹೆಸರು ಯಾಕೆ ಅನಿಸುತ್ತದೆ, ಅಲ್ವಾ? ನಡುಗಡಲಲ್ಲಿ ಇದು ಗಂಟೆಗೆ 700–800 ಕಿ.ಮೀ. ವೇಗದಲ್ಲಿ ಓಡಿದರೂ ಎತ್ತರ ಸಾಮಾನ್ಯವಾಗಿ ಒಂದು ಮೀಟರಿಗಿಂತ ಕಡಿಮೆ. ದೋಣಿಯಲ್ಲಿದ್ದವರಿಗೆ ಅದು ಕೆಳಗೆ ಹಾದುಹೋದದ್ದೇ ಗೊತ್ತಾಗುವುದಿಲ್ಲ. ದಡ ಹತ್ತಿರವಾಗಿ ಆಳ ಕಡಿಮೆಯಾದಂತೆ ವೇಗ ತಗ್ಗುತ್ತದೆ, ನೀರು ಮೇಲೇಳುತ್ತದೆ. ಮೀನು ಹಿಡಿದು ಮರಳಿದವರಿಗೆ ಕಾಣುವುದು ನುಚ್ಚುನೂರಾದ ಬಂದರು. ಈ ಹೆಸರು ಹುಟ್ಟಿದ್ದು ಹೀಗೆ ಅಂತ ಹೇಳುತ್ತಾರೆ.

ಉಬ್ಬರವಿಳಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಚಂದ್ರ, ಸೂರ್ಯರ ಸೆಳೆತ. ಇದಕ್ಕೆ ಕಾರಣ ಜಾಸ್ತಿ ಸಲ ಕಡಲಡಿಯ ಭೂಕಂಪ.

ನಮ್ಮಲ್ಲಿ ಈ ಪದ ಮನೆಮಾತಾದದ್ದು 2004ರ ಡಿಸೆಂಬರ್ 26ರ ನಂತರ. ಇಂಡೋನೇಷ್ಯಾದ ಸುಮಾತ್ರಾ ಬಳಿ ಭೂಮಿ ನಡುಗಿತು, ತಮಿಳುನಾಡಿನ ನಾಗಪಟ್ಟಣದ ತೀರ ಕೊಚ್ಚಿಹೋಯಿತು. ಆಮೇಲೆ ಪದಕ್ಕೆ ಇನ್ನೊಂದು ಅರ್ಥವೂ ಅಂಟಿಕೊಂಡಿತು: ದಿಢೀರನೆ ಬಂದು ಎಲ್ಲವನ್ನೂ ಮುಳುಗಿಸುವ ಯಾವುದೇ ಮಹಾಪೂರ. ಚುನಾವಣೆಯಲ್ಲಿ ಮತಗಳ ಸುನಾಮಿ, ಕೋವಿಡ್ ಪ್ರಕರಣಗಳ ಸುನಾಮಿ ಹೀಗೆ.

ಕೋವಿಡ್ ವಿಷಯದಲ್ಲಿ ಹೋಲಿಕೆ ಸರಿಯಾಗಿ ಕೂರುತ್ತದೆ. ಒಳಗೊಳಗೇ ಹಬ್ಬಿದ್ದು ಆಸ್ಪತ್ರೆಯ ಬಾಗಿಲಿಗೆ ಬಂದಾಗಲೇ ಎದ್ದುನಿಂತಿತು. ಆದರೆ ಅಂಗಡಿಗಳ ಆಫರ್‌ಗಳಿಗೆಲ್ಲ ಸುಮ್ನೆ ಸುನಾಮಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಮನೆಯವರನ್ನು ಆ ನೀರಿಗೆ ಕಳೆದುಕೊಂಡವರು ಇನ್ನೂ ಅದೇ ತೀರದಲ್ಲಿ ಬದುಕುತ್ತಿದ್ದಾರೆ. ಆಫರ್‌ಗಳಿಗೆ ‘ಸುರಿಮಳೆ’ ಅಂದರೆ ಸಾಕು.