ಸ್ವಂತ ವೀಲ್‌ಚೇರನ್ನು ಕೌಂಟರ್‌ನಲ್ಲೇ ಬಿಡಬೇಕಾ?

ನಿಮ್ಮ ತಂಗಿಯ ಬ್ಯಾಟರಿ ವೀಲ್‌ಚೇರನ್ನು ವಿಮಾನ ನಿಲ್ದಾಣದ ಚೆಕ್-ಇನ್ ಕೌಂಟರ್‌ನಲ್ಲೇ ಬಿಟ್ಟು ವಿಮಾನ ಕಂಪನಿಯವರ ಕುರ್ಚಿಯಲ್ಲಿ ಕೂರಬೇಕಾ ಅಂತ ಕೇಳಿದ್ದೀರಿ. ಸುಮ್ನೆ ಒಪ್ಪಿಕೊಳ್ಳಬೇಡಿ. ವಿಮಾನದ ಬಾಗಿಲವರೆಗೂ ಇದರಲ್ಲೇ ಬರ್ತೀವಿ, ಇಳಿದಾಗಲೂ ಬಾಗಿಲಲ್ಲೇ ಕೊಡಿ ಅಂತ ಕೇಳಿ. ಅವರ ಕುರ್ಚಿ ಅವಳ ಮೈಗೆ ಹೊಂದಲ್ಲ, ತಾನೇ ತಳ್ಳಿಕೊಂಡು ಹೋಗೋಕೂ ಆಗಲ್ಲ, ಯಾರೋ ತಂದು ನಿಲ್ಲಿಸಿದ ಕಡೆ ಕಾಯುತ್ತಾ ಕೂರಬೇಕು.

ಟಿಕೆಟ್ ಮಾಡಿದ ಕೂಡಲೇ, ತಡ ಅಂದ್ರೂ 48 ಗಂಟೆ ಮೊದಲು, ವಿಮಾನ ಕಂಪನಿಗೆ ಬರೆದು ತಿಳಿಸಿ. ಸ್ವಲ್ಪವೂ ನಡೆಯಲಾಗದಿದ್ದರೆ 'ಡಬ್ಲ್ಯೂಸಿಎಚ್‌ಸಿ' ಅನ್ನೋ ವೀಲ್‌ಚೇರ್ ನೆರವಿನ ಕೋಡ್ ಟಿಕೆಟ್‌ಗೆ ಹಾಕಿಸಿ. ಡಬ್ಲ್ಯೂಸಿಎಚ್‌ಆರ್ ಹಾಕಿದರೆ ಮೆಟ್ಟಿಲು ಹತ್ತಬಲ್ಲರು ಅಂತ ಅರ್ಥ, ಆಮೇಲೆ ವಿಮಾನದ ಏಣಿಯ ಬುಡದಲ್ಲಿ ಪೇಚಾಟ. ಲಿಥಿಯಂ ಬ್ಯಾಟರಿ ಬಿಚ್ಚುವಂಥದ್ದಾದರೆ ಅದನ್ನು ಕ್ಯಾಬಿನ್‌ಗೆ ಒಯ್ಯಬೇಕು, ಮಿತಿ 300 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಸುತ್ತೆ ಅನ್ನೋ ಅಳತೆ). ಬ್ಯಾಟರಿ ಮೇಲಿನ ಲೇಬಲ್ ಮತ್ತು ಕುರ್ಚಿಯ ನಾಲ್ಕೂ ಬದಿಯ ಫೋಟೋ ತೆಗೆದಿಡಿ. ಮುರಿದು ಬಂದರೆ ವಿಮಾನ ನಿಲ್ದಾಣ ಬಿಡೋ ಮೊದಲೇ ಲಿಖಿತ ದೂರು ಕೊಡಿ.

ಇನ್ನೊಂದು. ಸಿಬ್ಬಂದಿ ಅವಳನ್ನು ಬಿಟ್ಟು ನಿಮ್ಮನ್ನೇ 'ಇವರಿಗೆ ಏನಾಗಿದೆ?' ಅಂತ ಕೇಳ್ತಾರೆ, ಸಿಟ್ಟು ಬರೋದು ಸಹಜ ಅಲ್ವಾ. ನೀವು ಉತ್ತರ ಕೊಡಬೇಡಿ, ಅವಳ ಕಡೆ ತಿರುಗಿ. ಎತ್ತಿ ಕೂರಿಸುವಾಗಲೂ ಎಲ್ಲಿ ಹಿಡಿಯಬೇಕು ಅಂತ ಅವಳೇ ಹೇಳಲಿ.