ನಕಾಶೆ ಕಂಡ ದಾರಿ

(ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದ ನಮ್ಮ ಅಂಕಣಕಾರರು ಈಗ ಚಿಕ್ಕಬಳ್ಳಾಪುರದಲ್ಲಿದ್ದಾರೆ. ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಗೆಳೆಯರ ಜೊತೆ ಊರಾಚೆಯ ಕಾಲುದಾರಿಗಳಲ್ಲಿ ನಡೆಯುತ್ತಾರೆ. ಓದುಗರ ಪ್ರಶ್ನೆಗಳಿಗೆ ಅವರ ಉತ್ತರ ಇಲ್ಲಿದೆ.)

ಸರ್, ನಾವೂ ನಿಮ್ಮ ಹಾಗೆ ಭಾನುವಾರ ನಡೆಯುವವರು. ಕೆರೆ ಏರಿ ಇಳಿದು ಹಿಪ್ಪುನೇರಳೆ ತೋಟಗಳ ನಡುವೆ ಹೋಗುವ ಹಳೇ ಕಾಲುದಾರಿಗೆ ಈಗ ತಂತಿ ಬೇಲಿ ಬಿದ್ದಿದೆ. ಹೊಸ ಮಾಲೀಕರು 'ದಾರಿ ಎಲ್ಲಿದೆ ತೋರಿಸಿ' ಅಂತಾರೆ. ಏನು ತೋರಿಸೋದು?
– ಓದುಗರೊಬ್ಬರು, ಶಿಡ್ಲಘಟ್ಟ

ಗ್ರಾಮ ನಕಾಶೆ ತೋರಿಸಿ. ಭೂಮಾಪನ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಅದರಲ್ಲಿ ಒಂಟಿ ಚುಕ್ಕಿ ಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕಿ ಗೆರೆ ಇದ್ದರೆ ಬಂಡಿದಾರಿ. ಇಂಥದ್ದಕ್ಕೆ ನಮ್ಮ ಕಚೇರಿಯಲ್ಲಿ 'ನಕಾಶೆ ಕಂಡ ದಾರಿ' ಅನ್ನುತ್ತಿದ್ದೆವು. ಎಷ್ಟು ಒಳ್ಳೆಯ ಮಾತು ನೋಡಿ. ದಾರಿ ಕಣ್ಣಿಗೆ ಕಾಣದೆ ಹೋದರೂ ನಕಾಶೆಗೆ ಕಂಡಿದೆ.

ಆಮೇಲೆ ಆ ಜಮೀನಿನ ಪಹಣಿ ತೆಗೆಸಿ, ಖರಾಬು ಕಾಲಂ ನೋಡಿ. 'ಎ' ಖರಾಬು ಅಂದರೆ ಬಂಡೆ, ಗುಂಡಿ, ಹೀಗೆ ಬೇಸಾಯಕ್ಕೆ ಬಾರದ ಜಾಗ. 'ಬಿ' ಖರಾಬು ಅಂದರೆ ದಾರಿ, ಹಳ್ಳದಂಥ ಸಾರ್ವಜನಿಕರ ಜಾಗ. ಅದು ಆ ಸರ್ವೆ ನಂಬರಿನ ಒಳಗೇ ಇದ್ದರೂ ಮಾಲೀಕರದ್ದಲ್ಲ. 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ ಕೂಡ ಸಾರ್ವಜನಿಕ ರಸ್ತೆ, ಓಣಿ, ದಾರಿಗಳು ಸರ್ಕಾರದ ಸ್ವತ್ತು ಅನ್ನುತ್ತದೆ. ಇಷ್ಟು ಕಾಗದ ಕೈಯಲ್ಲಿದ್ದರೆ ಅಳತೆ ಮಾಡಿಸಿ ಒತ್ತುವರಿ ಬಿಡಿಸಿ ಅಂತ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು.

ಬೇಲಿ ಹತ್ತಿರ ನಿಂತು ದಿಶಾಂಕ್ ಆ್ಯಪ್ ತೆರೆದರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ಹೇಳುತ್ತದೆ. ಆದರೆ ಫೋನಿನ ಗೆರೆ ನಾಲ್ಕಾರು ಮೀಟರ್ ಆಚೀಚೆ ಆಗುತ್ತದೆ. ಅದನ್ನು ಹಿಡಿದು ಜಗಳಕ್ಕೆ ನಿಲ್ಲಬೇಡಿ. ನಾವು 33 ಅಡಿಯ ಸರಪಳಿ ಎಳೆದವರು. ಹದಿನಾರು ಆಣೆಗೆ ಒಂದು ಸರಪಳಿ, ಒಂದು ಆಣೆ ತಪ್ಪಿದರೂ ಬೈಸಿಕೊಳ್ಳುತ್ತಿದ್ದೆವು.

ನಕಾಶೆಯಲ್ಲಿ ದಾರಿ ಇಲ್ಲದಿದ್ದರೆ ಕಷ್ಟ ಜಾಸ್ತಿ. ಆಗ ಉಳಿಯುವುದು 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಬೇರೆಯವರ ಜಮೀನಿನಲ್ಲಿ ಹಾದುಹೋಗುವಂಥ ಹಕ್ಕುಗಳ ಕಾನೂನು. ಆ ದಾರಿಯಲ್ಲೇ ತಮ್ಮ ಹೊಲಕ್ಕೆ ಹೋಗುತ್ತಿದ್ದ ರೈತರು 20 ವರ್ಷ ತಡೆಯಿಲ್ಲದೆ, ನಮ್ಮ ಹಕ್ಕು ಅಂತಲೇ ಓಡಾಡಿದ್ದೇವೆ ಎಂದು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಬೇಲಿ ಬಿದ್ದು ಎರಡು ವರ್ಷ ಕಳೆಯುವುದರೊಳಗೆ ದಾವೆ ಹೂಡಬೇಕು. ನೋಡೋಣ ಬಿಡಿ ಅಂತ ಕೂತರೆ ಕೆಟ್ಟಿರಿ. ವಕೀಲರನ್ನು ಬೇಗ ಕಾಣಲು ಆ ರೈತರಿಗೆ ಹೇಳಿ.

ಇದೆಲ್ಲ ಕಾಗದದ ಮಾತಾಯಿತು. ಅರ್ಜಿ ಬರೆಯುವ ಮೊದಲು ಆ ಮಾಲೀಕರ ಜೊತೆ ಒಂದು ಸಲ ಕೂತು ಮಾತಾಡಿ.

ನಂದಿ ಬೆಟ್ಟದ ಹಿಂಬದಿಯ ಒಂದು ಹಳ್ಳಿಯಲ್ಲಿ ನಮಗೂ ಹೀಗೇ ಆಗಿತ್ತು. ರೈತರೊಬ್ಬರು ಕಾಲುದಾರಿಗೆ ಜಾಲಿಮುಳ್ಳು ಎಳೆದಿದ್ದರು. ನಾನು ದೊಡ್ಡ ಸರ್ವೆಯರ್ ಅಲ್ವಾ, ನಕಾಶೆಯ ಜೆರಾಕ್ಸ್ ಮಡಚಿಕೊಂಡು ಹೋದೆ. ಅವರು ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. ಹೊಲದ ಮೂಲೆಗೆ ಕರೆದುಕೊಂಡು ಹೋದರು. ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಒಡೆದ ಬಿಯರ್ ಬಾಟಲಿ, ಮೊಣಕಾಲುದ್ದ ರಾಶಿ. 'ನನ್ನ ಎತ್ತಿನ ಗೊರಸಿಗೆ ಹೊಕ್ಕ ಗಾಜು ಇದು. ನಿಮ್ಮ ನಕಾಶೇಲಿ ಇದಿದೆಯಾ?' ಅಂದರು.

ನಾನು ಜೆರಾಕ್ಸ್ ಜೇಬಿಗೆ ಸೇರಿಸಿದೆ.

ಆ ಕಸ ನಮ್ಮದಲ್ಲ, ಬೆಂಗಳೂರಿನಿಂದ ಬೈಕಿನಲ್ಲಿ ಬರುವವರದ್ದು ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಮುಂದಿನ ಮೂರು ಭಾನುವಾರ ಗೋಣಿಚೀಲ ತೆಗೆದುಕೊಂಡು ಹೋದೆವು. ನಾಲ್ಕನೇ ವಾರ ಮುಳ್ಳು ಒಂದಾಳು ನುಸುಳುವಷ್ಟು ಸರಿದಿತ್ತು. ಅವರ ತಕರಾರು ನಡೆಯುವವರ ಮೇಲಲ್ಲ, ಬೈಕಿನ ಮೇಲೆ. ಹಾಗಾದರೆ ಬೈಕು ನುಗ್ಗದ ಹಾಗೆ ಮಾಡೋಣ ಅಂದುಕೊಂಡೆವು. ಅವರನ್ನೂ ಪಂಚಾಯಿತಿಯನ್ನೂ ಕೇಳಿ ಎರಡು ಅಡಿ ಬಿಟ್ಟು ಎರಡು ಕಲ್ಲು ಕಂಬ ನೆಟ್ಟೆವು. ಆಳೆತ್ತರದ ಕಂಬ. ಫೋಟೋ ಕೂಡ ತೆಗೆಸಿಕೊಂಡೆವು.

ಮಾರನೇ ವಾರ ಹೋದರೆ ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಆ ಕಂಬಗಳ ಮುಂದೆ ನಿಂತು ಬೈಯುತ್ತಿದ್ದಾರೆ. ಹೊರೆ ನಾಲ್ಕು ಅಡಿ ಅಗಲ, ಸಂದು ಎರಡು ಅಡಿ. ದಾರಿ ಉಳಿಸಲು ಹೋಗಿ, ಆ ದಾರಿಯಲ್ಲಿ ದಿನಾ ನಡೆಯುವ ಒಬ್ಬರೇ ಒಬ್ಬರಿಗೆ ನಾವೇ ಅಡ್ಡ ಹಾಕಿದ್ದೆವು. ಕಂಬ ಕಿತ್ತು, ಗುಂಡಿ ಇನ್ನೂ ಆಳ ತೋಡಿ, ಎದೆಮಟ್ಟಕ್ಕೆ ಹೂತೆವು. ಈಗ ಹೊರೆ ಕಂಬದ ಮೇಲಿಂದ ಹೋಗುತ್ತದೆ, ಅಜ್ಜಿ ನಡುವೆ ಹೋಗುತ್ತಾರೆ, ಬೈಕಿನ ಹ್ಯಾಂಡಲ್ ಸಿಕ್ಕಿಕೊಳ್ಳುತ್ತದೆ. ನಿಮ್ಮದು ಬಂಡಿದಾರಿಯಾದರೆ ಮಾತ್ರ ಈ ಉಪಾಯ ಬೇಡ.

ಅಂತರಗಂಗೆಯ ಮೆಟ್ಟಿಲು ಹತ್ತಿ ತೇರಹಳ್ಳಿ ಕಡೆ ನಡೆಯುವುದು ನನಗಿಷ್ಟ. ನಾಯಿಗಳದ್ದೇ ಭಯ. ಏನು ಮಾಡಲಿ?
– ಓದುಗರೊಬ್ಬರು, ಕೋಲಾರ

ಓಡಬೇಡಿ. ಕೋಲು ಇರಲಿ, ಎತ್ತಬೇಡಿ. ದೂರದಿಂದಲೇ ಮನೆಯವರನ್ನು ಕೂಗಿ. ಬಾಗೇಪಲ್ಲಿ ಕಡೆ ನಾನು ತೆಲುಗಿನಲ್ಲೇ ಕೂಗುವುದು. ಅಲ್ಲಿ ನಾಯಿಗೂ ಅದೇ ಬೇಗ ಅರ್ಥವಾಗುತ್ತದೆ. ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚುತ್ತಾ ಕೂರಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ನನ್ನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. ಅಲ್ಲಿ ಯಾರದೋ ಹೊಲದ ನಡುವೆಯೇ ಎಲ್ಲರೂ ನಡೆದು ಹೋಗುತ್ತಾರಂತೆ, ಯಾರೂ ಬೈಯುವುದಿಲ್ಲವಂತೆ. ನಿಜವಾ?
– ಓದುಗರೊಬ್ಬರು, ತುಮಕೂರು

ನಿಜ ತಾಯಿ. ಆದರೆ ಅದೇನು ಸುಮ್ನೆ ಸಿಕ್ಕಿದ್ದಲ್ಲ. 1932ರ ಏಪ್ರಿಲ್ 24ರಂದು ಮ್ಯಾಂಚೆಸ್ಟರ್ ಕಡೆಯ ನೂರಾರು ಜನ, ಕಾರ್ಖಾನೆ ಕೆಲಸದವರೇ ಹೆಚ್ಚು, ಕಿಂಡರ್ ಸ್ಕೌಟ್ ಅನ್ನುವ ಬೆಟ್ಟಕ್ಕೆ ನುಗ್ಗಿ ಹತ್ತಿದರು. ಅದು ಶ್ರೀಮಂತರು ಹಕ್ಕಿ ಶಿಕಾರಿಗೆ ಇಟ್ಟುಕೊಂಡಿದ್ದ ಜಾಗ. ಐದು ಜನ ಜೈಲಿಗೆ ಹೋದರು. 1949ರಲ್ಲಿ ಬಂದ ಕಾನೂನು ಊರೂರಿನ ಕಾಲುದಾರಿಗಳನ್ನು ನಕಾಶೆಗೆ ಏರಿಸಲು ಹೇಳಿತು.

ನನಗೆ ಹಿಡಿಸಿದ್ದು ಅಲ್ಲಿನ ಇನ್ನೊಂದು ನಿಯಮ. ಹೊಲದ ನಡುವೆ ಹಾಯುವ ದಾರಿಯನ್ನು ರೈತ ಉಳುಮೆ ಮಾಡಬಹುದು, ಆದರೆ 14 ದಿನದೊಳಗೆ ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕು. ನಮ್ಮ ರಾಗಿ ಹೊಲಗಳಲ್ಲಿ ಕಾನೂನಿಲ್ಲದೆ ಇದೇ ನಡೆಯುತ್ತಿತ್ತು. ಮುಂಗಾರಿಗೆ ಉತ್ತು ಬಿತ್ತುತ್ತಿದ್ದರು, ಜನ ಬದುವಿನ ಮೇಲೆ ಸುತ್ತಿ ಹೋಗುತ್ತಿದ್ದರು. ಕೊಯ್ಲು ಮುಗಿದ ಮೇಲೆ ಕೂಳೆ ತುಳಿದು ಹಳೇ ದಾರಿ ಮತ್ತೆ ಬೀಳುತ್ತಿತ್ತು. ಬೆಳೆ ಇರುವಾಗ ಬದು ಹಿಡಿಯಿರಿ ಅಂತ ಮಗಳು ಬಂದಾಗ ಅವಳಿಗೂ ಹೇಳಿ. ಅವರೆಕಾಯಿ ಕೀಳಬಾರದು ಅಂತಲೂ ಹೇಳಿ. ನಮ್ಮ ಗುಂಪಿನ ಒಬ್ಬರು ಕಿತ್ತು, ಮೂವತ್ತು ರೂಪಾಯಿ ಕೊಟ್ಟು ಕ್ಷಮೆ ಕೇಳಿದ್ದಾರೆ.

ನಮ್ಮೂರ ಹೊಲದ ಮಧ್ಯೆ ಎರಡು ಕಲ್ಲು ಕಂಬದ ಮೇಲೆ ಒಂದು ಅಡ್ಡ ಕಲ್ಲು ಇದೆ. ದೇವರಿಲ್ಲ, ಬಾಗಿಲೂ ಅಲ್ಲ. ಏನದು?
– ಕಾಲೇಜು ವಿದ್ಯಾರ್ಥಿ, ಮಧುಗಿರಿ

ಹೊರೆ ಇಳಿಸುವ ಕಲ್ಲು ಇರಬೇಕು. ತಲೆ ಮೇಲೆ ಮೂಟೆ ಹೊತ್ತು ಸಂತೆಗೆ ಹೋಗುವವರು ಒಂಟಿಯಾಗಿದ್ದರೆ, ಇಳಿಸಿದ ಮೂಟೆಯನ್ನು ಮತ್ತೆ ತಲೆಗೆ ಎತ್ತಿಕೊಡಲು ಇನ್ನೊಬ್ಬರು ಬೇಕು. ಅದಕ್ಕೇ ಅಡ್ಡ ಕಲ್ಲನ್ನು ಸುಮಾರು ತಲೆಯ ಎತ್ತರಕ್ಕೇ ಇಡುತ್ತಿದ್ದರು. ಮೂಟೆ ಅದರ ಮೇಲೆ ಜಾರಿಸಿ, ಉಸಿರು ತಿರುಗಿಸಿಕೊಂಡು, ತಲೆ ಕೊಟ್ಟು ಮತ್ತೆ ಎಳೆದುಕೊಳ್ಳುವುದು.

ಈಗ ಅದು ಹೊಲದ ಮಧ್ಯೆ ಒಂಟಿಯಾಗಿ ನಿಂತಿದೆ ಅಂದರೆ ಹಳೇ ದಾರಿ ಅಲ್ಲೇ ಹಾಯ್ದಿರಬೇಕು. ಮಾಲೀಕರನ್ನು ಕೇಳಿ ಹತ್ತಿರ ಹೋಗಿ, ಸರ್ವೆ ನಂಬರ್ ಬರೆದುಕೊಂಡು, ಫೋಟೋ ಜೊತೆ ನನಗೆ ಕಳಿಸಿ. ನಕಾಶೆಯಲ್ಲಿ ಚುಕ್ಕಿ ಗೆರೆ ಹುಡುಕುವ ಕೆಲಸ ನನ್ನದು.