14 ವರ್ಷದ ಮಗ ಫುಟ್‌ಬಾಲ್ ಆಡ್ತಾನೆ, ಜಿಮ್‌ಗೆ ಸೇರಿಸಬಹುದಾ?

ಮಗನಿಗೆ 14, ಎಚ್‌ಎಸ್‌ಆರ್ ಕಡೆ ಅಕಾಡೆಮಿಯಲ್ಲಿ ವಾರಕ್ಕೆ ನಾಲ್ಕು ದಿನ ಆಡ್ತಾನೆ, ಎದುರಾಳಿ ಭುಜ ಕೊಟ್ಟರೆ ಬಿದ್ದುಬಿಡ್ತಾನೆ ಅಂದಿದ್ದೀರಿ. ಜಿಮ್‌ಗೆ ಸೇರಿಸಿ. ತೂಕ ಎತ್ತಿದರೆ ಕುಳ್ಳಾಗ್ತಾನೆ ಅನ್ನೋದು ಹಳೇ ಹೆದರಿಕೆ. ಪಕ್ಕದಲ್ಲಿ ತಿದ್ದೋರು ಇದ್ದರೆ ಹಾಗೇನೂ ಆಗಲ್ಲ. ಆದರೆ ಮೊದಲು ಅವನನ್ನ ಗೋಡೆಗೆ ಒರಗಿಸಿ ಎತ್ತರ ಗುರುತು ಹಾಕಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಹೊತ್ತು.

ಈ ಗೋಡೆಯ ಗೆರೆ ನನಗೆ ತಡವಾಗಿ ಹೊಳೆದದ್ದು. ಆಸ್ಟಿನ್ ಟೌನ್‌ನಲ್ಲಿ ಹುಡುಗರಿಗೆ ಹೇಳಿಕೊಡ್ತಿದ್ದಾಗ ಬೇಸಿಗೆ ರಜೆಯ ಬಾಕ್ಸ್ ಜಂಪ್‌ಗಳನ್ನ (ಪೆಟ್ಟಿಗೆ ಮೇಲೆ ಹಾರಿ ನಿಲ್ಲೋದು) ಪಂದ್ಯ ಶುರುವಾದ ಮೇಲೂ ನಿಲ್ಲಿಸಲಿಲ್ಲ. ಅವರಲ್ಲಿ ಒಬ್ಬನ ಅಮ್ಮ ‘ಪ್ಯಾಂಟು ಮತ್ತೆ ಗಿಡ್ಡ ಆಯ್ತು’ ಅಂತ ಗೊಣಗಿದಾಗ ನಕ್ಕಿದ್ದೆ. ಸ್ವಲ್ಪ ದಿನಕ್ಕೇ ಅವನ ಮಂಡಿ ಕೆಳಗೆ ಗಂಟು, ಮೆಟ್ಟಿಲು ಇಳಿಯೋಕೂ ನೋವು. ಡಾಕ್ಟರ್ ಹೇಳಿದ ಹೆಸರು ಆಸ್‌ಗುಡ್-ಶ್ಲ್ಯಾಟರ್. ಮೂಳೆ ಸರಸರ ಉದ್ದವಾಗುವಾಗ ತೊಡೆಯ ಮುಂಭಾಗದ ಸ್ನಾಯು ಮೊಣಕಾಲ ಕೆಳಗಿನ, ಇನ್ನೂ ಗಟ್ಟಿಯಾಗದ ಮೂಳೆಯನ್ನ ಜಗ್ಗುತ್ತೆ. ಒಂದೊಂದು ಜಿಗಿತ, ಒಂದೊಂದು ಒದೆತವೂ ಅದನ್ನ ಇನ್ನಷ್ಟು ಎಳೆಯುತ್ತೆ. ಹುಡುಗರು ಹೀಗೆ ಉದ್ದಕ್ಕೆ ಚಿಮ್ಮೋದು 14ರ ಆಸುಪಾಸು, ಹುಡುಗಿಯರು 12ರ ಹತ್ತಿರ. ಗೆರೆ ತಿಂಗಳಿಗೆ ಮುಕ್ಕಾಲು ಸೆಂಟಿಮೀಟರ್ ಮೇಲೇರ್ತಿದ್ದರೆ ಜಿಗಿತ ಕಮ್ಮಿ ಮಾಡಿಸಿ. ಆ ಹುಡುಗನ ಸೀಸನ್ ನನ್ನಿಂದ ಹಾಳಾಯ್ತು.

ಕೋಚ್‌ಗಳು ‘ಪೀರಿಯಡೈಸೇಷನ್’ ಅಂದರೆ ಗಾಬರಿ ಬೇಡ. ವರ್ಷದ ತರಬೇತಿಯನ್ನ ಹಂತಗಳಾಗಿ ಹಂಚೋದು, ಅಷ್ಟೇ. ರೈತ ಉಳೋದು, ಬಿತ್ತೋದು, ಕೊಯ್ಯೋದು ಒಂದೇ ತಿಂಗಳಲ್ಲಿ ಮಾಡಲ್ಲವಲ್ಲ, ಹಾಗೆ. ಏಪ್ರಿಲ್-ಮೇ ರಜೆಯಲ್ಲಿ ಬಲ ಕಟ್ಟಬೇಕು: ವಾರಕ್ಕೆ ಎರಡು ದಿನ ಸ್ಕ್ವಾಟ್ (ಬೈಠಕ್), ಲಂಜ್ (ಒಂದು ಕಾಲು ಮುಂದಿಟ್ಟು ಮಂಡಿ ಬಗ್ಗಿಸೋದು), ಪುಷ್ಅಪ್, ಪ್ಲ್ಯಾಂಕ್ (ಮೊಣಕೈ ಊರಿ ಮೈ ನೇರ ಹಿಡಿಯೋದು). ಮೊದಲು ಬರೀ ಮೈಭಾರ, ಆಮೇಲೆ ಹತ್ತು ಸಲ ಸಲೀಸಾಗಿ ಎತ್ತುವಷ್ಟು ತೂಕ. ಸ್ಕೂಲ್ ತೆರೆದ ಮೇಲೆ 10-20 ಮೀಟರ್ ಸ್ಪ್ರಿಂಟ್, ಒಂದಿಷ್ಟು ಜಿಗಿತ. ಪಂದ್ಯದ ತಿಂಗಳುಗಳಲ್ಲಿ ವಾರಕ್ಕೊಂದೇ ದಿನ, ಅರ್ಧ ಗಂಟೆ, ಅದೂ ಪಂದ್ಯಕ್ಕೆ ಎರಡು ದಿನ ಮುಂಚೆ. ಗಳಿಸಿದ ಬಲ ಕರಗದಿರೋಕೆ ಆಗ ಅಷ್ಟೇ ಸಾಕು. ಪರೀಕ್ಷೆ ಬಂತೋ, ಬಿಟ್ಟುಬಿಡಿ.

ವರ್ಷವಿಡೀ ಬಿಡಬಾರದ್ದು ವಾರ್ಮಪ್. ಫಿಫಾ 11+ ಅನ್ನೋ ವಾರ್ಮಪ್ ವ್ಯಾಯಾಮಗಳ ಸರಣಿ ಇದೆ, 14 ದಾಟಿದವರಿಗೆ, 20 ನಿಮಿಷ, ದುಡ್ಡು ಖರ್ಚಿಲ್ಲ. ತೊಡೆ ಹಿಂಭಾಗಕ್ಕೆ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ (ಮಂಡಿಯೂರಿ ನಿಧಾನಕ್ಕೆ ಮುಂದಕ್ಕೆ ಬಾಗೋ ವ್ಯಾಯಾಮ) ಅದರಲ್ಲೇ ಇದೆ. ನಾರ್ವೆಯ 13ರಿಂದ 17ರ ಹುಡುಗಿಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನ ಮಾಡಿದವರಿಗೆ ದೊಡ್ಡ ಗಾಯಗಳು ಕಮ್ಮಿಯಾಗಿದ್ದವು.

ಅಕಾಡೆಮಿ, ಸ್ಕೂಲ್ ಟೀಮು, ಭಾನುವಾರ ಗೆಳೆಯರ ಜೊತೆ ಟರ್ಫ್: ಮೂರನ್ನೂ ಕೂಡಿಸಿ ನೋಡಿ. ಜಿಮ್‌ಗೆ ಜಾಗ ಬೇಕಂದ್ರೆ ಒಂದನ್ನ ಕಳೀಬೇಕಾಗಬಹುದು. ಇನ್ನು ಭುಜ ಕೊಟ್ಟರೆ ಬೀಳೋ ವಿಷಯ: ಮುಂದಿನ ಪಂದ್ಯದಲ್ಲಿ ಎದುರಾಳಿಗೆ ಮೀಸೆ ಬಂದಿದೆಯಾ ನೋಡಿ. ಅವನಿಗೂ 14 ವರ್ಷವೇ ಇರಬಹುದು, ಮೈ ಮಾತ್ರ ಎರಡು ವರ್ಷ ಮುಂದಿರುತ್ತೆ.